ಕ್ಯಾನಿಂಗ್ ಗುಡ್ಡದ ನೆಲಮಾಳಿಗೆ: ಸಿಂಗಪುರದ ಪತನಕ್ಕೆ ಒಂದು ಸ್ಥಳಸಾಕ್ಷ್ಯ

ಶತ್ರುವಿನ ಕಣ್ಣಿಗೂ ಅಸ್ತ್ರಕ್ಕೂ ಸಿಕ್ಕದಂತೆ ನೆಲದೊಳಗೆ ಮನೆಮಾಡಿಕೊಳ್ಳುವ ಪದ್ಧತಿಯು ನಮ್ಮ ಗ್ರಂಥಗಳಿಗೆ ಅಪರಿಚಿತವಾದುದಲ್ಲ. ಮಹಾಭಾರತದ ಜತುಗೃಹದ ಕಥೆಯಲ್ಲಿ ವಿದುರನು ಕಳುಹಿಸಿದ ಖನಕನು ಮನೆಯ ನಡುವೆ ಬಿಲವನ್ನು ತೋಡಿ ಪಾಂಡವರನ್ನು ಉಳಿಸಿದನು. ಕೌಟಲ್ಯನು ರಾಜನ ವಾಸಗೃಹದ ರಚನೆಯನ್ನು ಹೇಳುವ ಪ್ರಕರಣದಲ್ಲಿ ಭೂಮಿಗೃಹವನ್ನೂ ಅದಕ್ಕೆ ಸೇರಿದ ಸುರಂಗಗಳನ್ನೂ ವಿಧಿಸಿದ್ದಾನೆ. ಸುರಂಗವೆಂಬ ಶಬ್ದವೇ ಗ್ರೀಕರ ‘ಸಿರಿಂಕ್ಸ್’ ಎಂಬುದರಿಂದ ಬಂದಿತೆಂದು ಪಾಶ್ಚಾತ್ಯ ವಿದ್ವಾಂಸರ ಮತವುಂಟು. ಅದು ನಿಜವಾದರೆ, ಯುದ್ಧವಿದ್ಯೆಯ ಮಾತುಗಳು ಹಗೆತನದ ಜೊತೆಯಲ್ಲಿಯೇ ದೇಶದಿಂದ ದೇಶಕ್ಕೆ ಸಂಚರಿಸುವುದು ಬಹು ಹಿಂದಿನ ವಾಡಿಕೆಯೆಂದು ತಿಳಿಯಬೇಕಾಗುವುದು. ಆದರೆ ಪ್ರಾಚೀನರ ಭೂಮಿಗೃಹವು ಒಬ್ಬ ರಾಜನ ಪ್ರಾಣಕ್ಕಾಗಿ ಮಾಡಿದ್ದು. ಆಕಾಶದಿಂದ ಬಾಂಬುಗಳು ಬೀಳತೊಡಗಿದ ಈಚಿನ ಕಾಲದಲ್ಲಿ ಅದು ಇಡೀ ಸೈನ್ಯದ ಬುದ್ಧಿಸ್ಥಾನವೇ ಆಯಿತು. ಕಾದುವವರು ಮೇಲೆ ಬಯಲಿನಲ್ಲಿಯೂ, ಕಾದಿರೆಂದು ಆಜ್ಞಾಪಿಸುವವರು ನೆಲದ ಕೆಳಗೂ ಇರತೊಡಗಿದರು.

ಎರಡನೆಯ ಮಹಾಯುದ್ಧದ ಇಂಥ ನೆಲಮನೆಗಳಲ್ಲಿ ಕೆಲವು ಈಗ ವಸ್ತುಸಂಗ್ರಹಾಲಯಗಳಾಗಿ ಮಾರ್ಪಟ್ಟಿವೆ. ಲಂಡನ್ ನಗರದ ಯುದ್ಧಮಂತ್ರಿಮಂಡಲದ ಕೊಠಡಿಗಳು ಲೋಕಪ್ರಸಿದ್ಧವಾಗಿವೆ. ಅಷ್ಟು ಪ್ರಸಿದ್ಧವಲ್ಲದಿದ್ದರೂ ಭಾರತೀಯರಿಗೆ, ಅವರಲ್ಲಿಯೂ ಮೈಸೂರಿನವರಿಗೆ, ಹೆಚ್ಚು ಸಂಬಂಧಪಟ್ಟ ಇನ್ನೊಂದು ಸ್ಥಾನವು ಸಿಂಗಪುರದ ಕ್ಯಾನಿಂಗ್ ಕೋಟೆಯ ಗುಡ್ಡದೊಳಗೆ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಬ್ಯಾಟಲ್ ಬಾಕ್ಸ್’ ಎಂದು ಹೆಸರು. ಕದನದ ಪೆಟ್ಟಿಗೆಯೆಂದು ಅರ್ಥ. 1942ನೆಯ ಇಸವಿ ಫೆಬ್ರವರಿ 15ನೆಯ ತಾರೀಖು ಭಾನುವಾರ ಬೆಳಿಗ್ಗೆ ಈ ಪೆಟ್ಟಿಗೆಯೊಳಗಿನ ಒಂದು ಚಿಕ್ಕ ಕೊಠಡಿಯಲ್ಲಿ, ಸಿಂಗಪುರವನ್ನು ಜಪಾನೀಯರಿಗೆ ಒಪ್ಪಿಸಿಬಿಡತಕ್ಕದ್ದೆಂಬ ನಿಶ್ಚಯವಾಯಿತು. ಆ ಕೊಠಡಿಯು ಚರಿತ್ರಕಾರನಿಗೆ ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಗುಡ್ಡದ ಮಾತು. ಸಿಂಗಪುರವೆಂಬುದು ಸಂಸ್ಕೃತದ ‘ಸಿಂಹಪುರ’ವೇ ಎಂಬುದರಲ್ಲಿ ಸಂಶಯವಿಲ್ಲ. ಮಲಯ ಜನರು ಈ ಗುಡ್ಡವನ್ನು ‘ಬುಕಿತ್ ಲಾರಾಂಗನ್’, ಎಂದರೆ ನಿಷಿದ್ಧವಾದ ಗುಡ್ಡ, ಎಂದು ಕರೆಯುತ್ತಿದ್ದರು. ಪೂರ್ವದ ಅರಸರ ಅರಮನೆಯೂ ಸಮಾಧಿಯೂ ಅಲ್ಲಿದ್ದುವೆಂಬುದು ಅವರ ನಂಬಿಕೆ. ಆ ನಂಬಿಕೆಯು ಬರಿಯ ಕಟ್ಟುಕಥೆಯಲ್ಲವೆಂಬುದು 1920ರ ದಶಕದಲ್ಲಿ ಸಿದ್ಧವಾಯಿತು. ನೀರಿನ ಕಟ್ಟೆಗಾಗಿ ನೆಲವನ್ನು ಅಗೆಯುತ್ತಿದ್ದ ಕೂಲಿಗಳಿಗೆ ಹದಿನಾಲ್ಕನೆಯ ಶತಮಾನದ ಚಿನ್ನದ ಆಭರಣಗಳು ಸಿಕ್ಕಿದುವು. ಅವುಗಳಲ್ಲಿ ಒಂದಾದ ತೋಳಬಳೆಯ ಮೇಲೆ ಜಾವಾ ದ್ವೀಪದ ದೇವಾಲಯಗಳ ಬಾಗಿಲಲ್ಲಿ ಕಾಣುವ ಕಾಲಮುಖವಿದೆ. ನಮ್ಮ ದೇವಾಲಯಗಳ ಕೀರ್ತಿಮುಖವನ್ನು ಬಲ್ಲವರು ಅದನ್ನು ಕಂಡೊಡನೆ ಗುರುತಿಸುವರು. ಗುಡ್ಡದ ಬುಡದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಶಿಲಾಶಾಸನದ ತುಂಡೂ ಇದೆ. ನದಿಯ ಮುಖವನ್ನು ಅಗಲಮಾಡುವುದಕ್ಕಾಗಿ 1843ರಲ್ಲಿ ಇಂಗ್ಲಿಷರು ಆ ಬಂಡೆಯನ್ನು ಮದ್ದಿಟ್ಟು ಸಿಡಿಸಿಬಿಟ್ಟರು. ಉಳಿದ ಅಕ್ಷರಗಳನ್ನು ಇದುವರೆಗೆ ಯಾರೂ ನಿಶ್ಚಯವಾಗಿ ಓದಿಲ್ಲ. ಶಾಸನಗಳ ವಿಷಯದಲ್ಲಿ ಗೌರವವುಳ್ಳವರು ಈ ಸಂಗತಿಯನ್ನು ಕೇಳಿ ನಿಟ್ಟುಸಿರುಬಿಡದೆ ಇರಲಾರರು.

1819ರಲ್ಲಿ ಇಂಗ್ಲಿಷರು ಇಲ್ಲಿ ಕಾಲೂರಿದ ಮೇಲೆ ರಾಫಲ್ಸನು ತನ್ನ ಮನೆಯನ್ನು ಈ ಗುಡ್ಡದ ಮೇಲೆಯೇ ಕಟ್ಟಿಸಿಕೊಂಡನು. 1867ರ ವರೆಗೆ ಸಿಂಗಪುರದ ಆಡಳಿತವು ಹಿಂದೂಸ್ಥಾನದ ಸರಕಾರಕ್ಕೆ ಅಧೀನವಾಗಿದ್ದಿತು. ಆದುದರಿಂದಲೇ 1859ರಿಂದ 1861ರ ವರೆಗೆ ಕಟ್ಟಿದ ಕೋಟೆಗೆ ಗವರ್ನರ್ ಜನರಲನಾಗಿದ್ದು ಮೊದಲನೆಯ ವೈಸರಾಯನೂ ಆದ ಕ್ಯಾನಿಂಗ್ ಪ್ರಭುವಿನ ಹೆಸರನ್ನಿಟ್ಟರು. ಆ ಕೋಟೆಯಿಂದ ಯಾವ ಯುದ್ಧವೂ ನಡೆಯಲಿಲ್ಲ. ಅದು ಪುರರಕ್ಷಣೆಗೆ ತಕ್ಕುದಲ್ಲವೆಂದು ಕಂಡುಬಂದು, 1907ರಲ್ಲಿ ಅದನ್ನು ಕೆಡವಿದರು. ಹೆಬ್ಬಾಗಿಲು ಮಾತ್ರ ಈಗಲೂ ನಿಂತಿದೆ. ಮೇಲಿನ ಕೋಟೆಯು ಹೋದ ಸ್ಥಳದಲ್ಲಿ ಕೆಳಗಿನ ಕೋಟೆಯು ಹುಟ್ಟಿದ್ದು 1930ರ ದಶಕದ ಉತ್ತರಾರ್ಧದಲ್ಲಿ. ಮಲಯ ಸೇನಾಧಿಪತ್ಯದ ಕಚೇರಿಯು ಆಗ ಗುಡ್ಡದ ಮೇಲಿದ್ದಿತು. ವಿಮಾನಗಳ ದಾಳಿಯಾದರೂ ವರ್ತಮಾನಗಳ ರವಾನೆಯು ನಿಲ್ಲದಿರುವಂತೆ, ಸುಮಾರು 30 ಅಡಿ ಆಳದಲ್ಲಿ, ಕಬ್ಬಿಣ ಸೇರಿಸಿದ ಕಾಂಕ್ರೀಟಿನ ದಪ್ಪ ಗೋಡೆಗಳಿಂದ ಮೂವತ್ತಕ್ಕೆ ಹತ್ತಿರ ಸಂಖ್ಯೆಯ ಕೊಠಡಿಗಳನ್ನು ಕಟ್ಟಿದರು.

ಇಂದು ಅಲ್ಲಿಗೆ ಹೋಗುವ ಪ್ರೇಕ್ಷಕನು ಮರಗಳ ನೆರಳಿನ ಇಳಿಜಾರಿನಲ್ಲಿ ಒಂದು ಸಾಧಾರಣವಾದ ಬಾಗಿಲನ್ನು ಕಾಣುವನು. ದುರ್ಗದ ಬಾಗಿಲೆಂದು ಯಾರಿಗೂ ತೋರದು. ನೀರಿನ ಇಲಾಖೆಯ ಉಗ್ರಾಣದ ಬಾಗಿಲೆಂದರೆ ನಂಬಬಹುದು. ಒಳಗೆ ಇಬ್ಬರು ಎದುರುಬದುರಾಗಿ ಬಂದರೆ ಮೈತಗ್ಗಿಸಿ ಹಾಯಬೇಕಾದಂಥ ಓಣಿ. ಅದರ ಎರಡು ಕಡೆಗಳಲ್ಲಿಯೂ ಚಿಕ್ಕ ಚಿಕ್ಕ ಕೊಠಡಿಗಳು. ಒಂದರಲ್ಲಿ ದೂರವಾಣಿಯ ತಂತಿಗಳನ್ನು ಜೋಡಿಸುವ ಫಲಕ, ಒಂದರಲ್ಲಿ ಗೂಢಲಿಪಿಯ ಬರೆವಣಿಗೆ, ಮತ್ತೊಂದರಲ್ಲಿ ಶತ್ರುವಿಮಾನಗಳ ಚಲನೆಯನ್ನು ನಕ್ಷೆಯ ಮೇಲೆ ಗುರುತಿಸಿ ಫಿರಂಗಿಗಳಿಗೆ ಆಜ್ಞೆಕೊಡುವ ಏರ್ಪಾಡು. ಒಂದು ಕಡೆಯಲ್ಲಿ ನೆಟ್ಟಗೆ ಮೇಲಕ್ಕೆ ಹೋಗುವ ಕಬ್ಬಿಣದ ಏಣಿಯಿದೆ. ಬಾಗಿಲುಗಳು ಮುಚ್ಚಿಹೋದರೆ ತಪ್ಪಿಸಿಕೊಳ್ಳುವುದಕ್ಕಾಗಿ ಮಾಡಿದ ದಾರಿ. ಕೌಟಲ್ಯನ ವಿಧಿಯನ್ನು ಓದದೆಯೇ ಇಂಗ್ಲಿಷ್ ಸ್ಥಪತಿಗಳು ಅದನ್ನು ಪಾಲಿಸಿದರೆನ್ನಬಹುದು. ಈಗ ಯಂತ್ರದಿಂದ ತಂಪಾದ ಗಾಳಿಯು ಬರುತ್ತಿರುವುದರಿಂದ ಪ್ರೇಕ್ಷಕನಿಗೆ ಸೆಕೆಯ ಅನುಭವವಾಗದು. ವಿಷುವದ್ರೇಖೆಗೆ ಸಮೀಪವಾದ ಆ ಊರಿನಲ್ಲಿ, ನೂರಾರು ಮಂದಿ ಹಗಲಿರುಳೂ ಉಸಿರಾಡಿದ ಆ ಗೂಡಿನೊಳಗೆ, 1942ರ ಫೆಬ್ರವರಿಯಲ್ಲಿ ಇದ್ದ ಸ್ಥಿತಿಯನ್ನು ಊಹೆಯಿಂದಲೇ ತಿಳಿಯಬೇಕು.

ಯುದ್ಧದ ಕ್ರಮವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. 1941ನೆಯ ಡಿಸೆಂಬರ್ 8ರ ನಡುರಾತ್ರಿ ಜಪಾನೀ ಸೈನ್ಯವು ಮಲಯದ ಈಶಾನ್ಯತೀರದ ಕೋಟ ಬಾರುವಿನಲ್ಲಿ ಇಳಿಯಿತು. 10ನೆಯ ತಾರೀಖು ಇಂಗ್ಲಿಷರ ಎರಡು ಮಹಾನೌಕೆಗಳು ವಿಮಾನಗಳ ಪೆಟ್ಟಿಗೆ ಸಿಕ್ಕಿ ಮುಳುಗಿದುವು. ಜಿತ್ರದಲ್ಲಿ ಒಮ್ಮೆ, ಸ್ಲಿಮ್ ನದಿಯ ಬಳಿ ಮತ್ತೊಮ್ಮೆ, 11ನೆಯ ಭಾರತೀಯ ಡಿವಿಜನ್ನು ಭಗ್ನವಾಯಿತು. ಜನವರಿ 31ರಂದು ದ್ವೀಪಕ್ಕೆ ಸೇರಿಸಿದ್ದ ಸೇತುವೆಯ ದಾರಿಯನ್ನು ಒಡೆದರು. ಫೆಬ್ರವರಿ 8ರ ರಾತ್ರಿ ಜಪಾನೀಯರು ಜಲಸಂಧಿಯನ್ನು ದಾಟಿ ದ್ವೀಪದ ವಾಯವ್ಯ ಭಾಗದಲ್ಲಿ ಇಳಿದರು. 11ರಂದು ಸೇನಾಪತಿಯಾದ ಪರ್ಸಿವಲನು ಸೈಮ್ ರಸ್ತೆಯ ಕಚೇರಿಯನ್ನು ಬಿಟ್ಟು ಈ ನೆಲಮಾಳಿಗೆಗೆ ಬಂದನು. ನಾಲ್ಕು ದಿನಗಳಲ್ಲಿ ಎಲ್ಲವೂ ಮುಗಿಯಿತು.

ಸಿಂಗಪುರದ ಫಿರಂಗಿಗಳೆಲ್ಲವೂ ಸಮುದ್ರದ ಕಡೆಗೆ ಮುಖಮಾಡಿದ್ದುವಾಗಿ ಹಿಂದಿನಿಂದ ಬಂದ ಶತ್ರುವಿನ ಮೇಲೆ ತಿರುಗಲಾರದೆ ಹೋದುವೆಂಬ ಮಾತು ಶಾಲೆಯ ಪುಸ್ತಕಗಳಿಗೂ ನುಗ್ಗಿದೆ. ಇದು ಪರೀಕ್ಷೆಗೆ ನಿಲ್ಲುವ ಮಾತಲ್ಲ. ಹದಿನೈದು ಅಂಗುಲದ ದೊಡ್ಡ ಫಿರಂಗಿಗಳಲ್ಲಿ ಕೆಲವು ತಿರುಗಬಲ್ಲುವಾಗಿದ್ದುವು. ತಿರುಗಿ ಭೂಭಾಗದ ಮೇಲೆ ಗುಂಡನ್ನು ಹಾರಿಸಿಯೂ ಇದ್ದುವು. ಆದರೆ ಅವುಗಳಿಗೆ ಒದಗಿಸಿದ್ದ ಗುಂಡುಗಳು ಬಹುಮಟ್ಟಿಗೆ ಹಡಗಿನ ಉಕ್ಕಿನ ಕವಚವನ್ನು ಭೇದಿಸತಕ್ಕವು. ನೆಲದ ಮೇಲೆ ಹರಡಿಕೊಂಡು ಬರುವ ಕಾಲಾಳುಗಳಿಗೆ ಅವುಗಳಿಂದ ಆಗುವ ಹಾನಿ ಅಲ್ಪ. ದೋಷವು ಫಿರಂಗಿಯ ಮುಖದಲ್ಲಿರಲಿಲ್ಲ, ಯೋಜನೆಯಲ್ಲಿದ್ದಿತು. ನೌಕಾನೆಲೆಯನ್ನು ಕಟ್ಟಿ 1938ರಲ್ಲಿ ಅದನ್ನು ತೆರೆದರು; ಅದರಲ್ಲಿ ನಿಲ್ಲಬೇಕಾದ ನೌಕಾಪಡೆಯು ಬರಲಿಲ್ಲ. ಇನ್ನೂ ವಿಚಿತ್ರವಾದುದೊಂದುಂಟು. ಶತ್ರುವು ಉತ್ತರದಿಂದ ಮಲಯದ ಮೂಲಕ ಬರುವುದು ಸಾಧ್ಯವೆಂಬ ವಿಮರ್ಶೆಯನ್ನು 1937ರಲ್ಲಿಯೇ ಬರೆದಿಟ್ಟವನು ಆಗ ಮಲಯ ಸೇನಾಧಿಪತ್ಯದಲ್ಲಿ ಮುಖ್ಯಾಧಿಕಾರಿಯಾಗಿದ್ದ ಈ ಪರ್ಸಿವಲನೇ. ತಾನು ಕಂಡ ಅಪಾಯವನ್ನು ತಾನೇ ಎದುರಿಸಬೇಕಾಗಿ ಬಂದಾಗ ಅವನಿಗೆ ಟ್ಯಾಂಕುಗಳಿರಲಿಲ್ಲ, ವಿಮಾನಗಳು ಸಾಕಷ್ಟಿರಲಿಲ್ಲ. ಮನುವು ಎಣಿಸಿದ ಆರು ದುರ್ಗಗಳಲ್ಲಿ ಜಲದುರ್ಗವು ಸಿಂಗಪುರಕ್ಕೆ ಸಹಜವಾಗಿಯೇ ಇದ್ದಿತು. ಶಾಂತಿಪರ್ವದಲ್ಲಿ ಭೀಷ್ಮನು ದುರ್ಗಗಳೆಲ್ಲಕ್ಕಿಂತಲೂ ದುರ್ಭೇದ್ಯವೆಂದು ಹೇಳಿದ ನರದುರ್ಗವು ಎಷ್ಟರಮಟ್ಟಿಗೆ ಇದ್ದಿತೆಂಬುದನ್ನು ಮುಂದೆ ನೋಡಬಹುದು.

15ರ ಬೆಳಿಗ್ಗೆ ಒಂಬತ್ತೂವರೆ ಗಂಟೆಗೆ ಸಭೆಯು ಸೇರಿತು. ಆ ದಿನ ಚೀನೀಯರ ಹೊಸವರ್ಷದ ಹಬ್ಬ. ಪರ್ಸಿವಲನ ಎದುರಿಗೆ ಮೂರನೆಯ ಭಾರತೀಯ ಸೇನಾವಿಭಾಗದ ಅಧಿಪತಿಯಾದ ಹೀತ್, ಆಸ್ಟ್ರೇಲಿಯದ ದಳಗಳ ಅಧಿಪತಿಯಾದ ಗಾರ್ಡನ್ ಬೆನೆಟ್, ದುರ್ಗಾಧಿಪತಿಯಾದ ಕೀತ್ ಸಿಮನ್ಸ್, ಪೌರರಕ್ಷಣೆಯ ಅಧ್ಯಕ್ಷನೂ ಮುಖ್ಯ ಇಂಜಿನಿಯರನೂ ಆದ ಸಿಮ್ಸನ್ ಮುಂತಾದವರಿದ್ದರು. ಮುಖ್ಯವಾದ ವರದಿ ಸಿಮ್ಸನನದು. ಬಾಂಬುಗಳಿಂದ ನೀರಿನ ಕೊಳವೆಗಳು ಅಲ್ಲಲ್ಲಿ ಒಡೆದಿದ್ದುವು. ಜಲಾಶಯಗಳು ಶತ್ರುವಿನ ಕೈಗೆ ಹೋಗಿದ್ದುವು. ಊರಿನಲ್ಲಿ ನೀರು ಇನ್ನೊಂದು ದಿನಕ್ಕಿಂತ ಹೆಚ್ಚು ಬರುವ ಭರವಸೆಯಿರಲಿಲ್ಲ. ದ್ವೀಪದೊಳಕ್ಕೆ ಓಡಿಬಂದ ಜನದಿಂದ ನಗರವು ತುಂಬಿಹೋಗಿದ್ದಿತು. ಅನ್ನವು ಕೆಲವು ದಿನಗಳಿಗೆ ಮಾತ್ರ, ಪೆಟ್ರೋಲು ಅತ್ಯಲ್ಪ. ಎದುರಿಗಿದ್ದ ಪಕ್ಷಗಳು ಎರಡು: ಕೂಡಲೆ ಪ್ರತಿದಾಳಿಮಾಡಿ ಬುಕಿತ್ ತಿಮಾ ಕಡೆಯ ಜಲಾಶಯಗಳನ್ನೂ ಉಗ್ರಾಣಗಳನ್ನೂ ಮರಳಿ ಹಿಡಿಯುವುದು, ಇಲ್ಲವೆ ಶರಣಾಗುವುದು. ಪ್ರತಿದಾಳಿಗೆ ಒಬ್ಬನೂ ಒಪ್ಪಲಿಲ್ಲ.

ಈ ಸಿಮ್ಸನನ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಯುಕ್ತವಲ್ಲ. ದ್ವೀಪದ ಉತ್ತರತೀರದಲ್ಲಿ ರಕ್ಷಣೆಯ ಕಟ್ಟೆ ಕಂದಕಗಳನ್ನು ಮಾಡಿಸಬೇಕೆಂದು ಅವನು ಡಿಸೆಂಬರಿನಲ್ಲಿಯೇ ಪರ್ಸಿವಲನನ್ನು ಬೇಡಿಕೊಂಡನೆಂದೂ, ಹಾಗೆ ಮಾಡಿದರೆ ಸೈನಿಕರ ಮತ್ತು ಪೌರರ ಧೈರ್ಯವು ಕುಂದುವುದೆಂದು ಸೇನಾಪತಿಯು ನಿರಾಕರಿಸಿದನೆಂದೂ ಅವನು 1970ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಪರ್ಸಿವಲನ ಗ್ರಂಥವು 1949ರಲ್ಲಿ ಹೊರಬಿದ್ದಿತು. ಅದು ತನ್ನ ಕಾರ್ಯಗಳ ಸಮರ್ಥನೆಯೇ ಆಗಿದೆ. ಒಂದೇ ಮೇಜಿನ ಎರಡು ಕಡೆಗಳಲ್ಲಿ ಕುಳಿತವರು ಎರಡು ಚರಿತ್ರೆಗಳನ್ನು ಬರೆದಿರುವಾಗ, ಶಬ್ದಪ್ರಮಾಣವನ್ನು ಆಪ್ತವಾಕ್ಯವೆಂದು ಹಾಗೆಯೇ ಸ್ವೀಕರಿಸುವಂತಿಲ್ಲ. ಆಪ್ತನಾದವನಿಗೆ ವಿಷಯದ ಜ್ಞಾನವಿದ್ದರೆ ಸಾಲದು, ಇದ್ದುದನ್ನು ಇದ್ದಂತೆ ಹೇಳುವ ಇಚ್ಛೆಯೂ ಬೇಕೆಂದು ನೈಯಾಯಿಕರು ಹೇಳುವರು. ಇಲ್ಲಿ ಇಬ್ಬರಿಗೂ ಜ್ಞಾನವಿತ್ತು; ಇಬ್ಬರಿಗೂ ತಮ್ಮ ತಮ್ಮ ಕೀರ್ತಿಯ ಚಿಂತೆಯೂ ಇತ್ತು.

ಹಾಗಾದರೆ ಪ್ರತ್ಯಕ್ಷಪ್ರಮಾಣವು ನಮಗೆ ಎಷ್ಟು ಸಹಾಯಮಾಡಬಲ್ಲುದು? ಪ್ರೇಕ್ಷಕನು ಆ ಸಭೆಯ ಕೊಠಡಿಯ ಮುಂದೆ ನಿಂತಾಗ ಮೇಜಿನ ಸುತ್ತಲೂ ಅಧಿಕಾರಿಗಳು ಕುಳಿತಿರುವುದನ್ನು ನೋಡುವನು. ಅವರು ಮೇಣದ ಬೊಂಬೆಗಳು. ಮುಖಭಾವ, ಉಡುಪು, ಎದೆಯ ಮೇಲಿನ ಪಟ್ಟಿಗಳು ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ್ದಾರೆ. ಆದರೆ ಆ ಮೇಜು ಆ ಮೇಜಲ್ಲ. ಆ ನಕ್ಷೆಯು ಆ ನಕ್ಷೆಯಲ್ಲ. ಯುದ್ಧಾನಂತರದಲ್ಲಿ ಈ ಸ್ಥಳವು ಅನಾಥವಾಗಿ, ಒಳಗಿದ್ದ ಉಪಕರಣಗಳೆಲ್ಲವೂ ಕಳುವಾಗಿ, ಅಪಾಯಕರವೆಂದು ಬಾಗಿಲುಗಳನ್ನು ಮುಚ್ಚಿಬಿಟ್ಟಿದ್ದರು. 1988ರಲ್ಲಿ ಒಬ್ಬ ಪತ್ರಿಕಾಲೇಖಕನ ಶೋಧನೆಯಿಂದ ಅದು ಮತ್ತೆ ಬೆಳಕಿಗೆ ಬಂದಿತು. ಪತನಕ್ಕೆ ಐವತ್ತೈದು ವರ್ಷಗಳು ತುಂಬಿದ 1997ನೆಯ ಫೆಬ್ರವರಿ 15ರಂದು ಅದನ್ನು ಜನರಿಗಾಗಿ ತೆರೆದರು. ಹಾಗೆ ತೆರೆಯುವಾಗ ಬರಿದಾಗಿದ್ದ ಕೊಠಡಿಗಳನ್ನು ಪುಸ್ತಕಗಳ ಮತ್ತು ಬದುಕಿದ್ದವರ ಮಾತುಗಳ ಆಧಾರದಿಂದ ತುಂಬಬೇಕಾಯಿತು. ಎಂದಮೇಲೆ ಅಲ್ಲಿ ಕಣ್ಣಿಗೆ ಕಾಣುವುದರಲ್ಲಿ ಬಹುಭಾಗವು ಪ್ರತ್ಯಕ್ಷದ ವೇಷವನ್ನು ಹಾಕಿಕೊಂಡ ಶಬ್ದವೇ ಸರಿ.

ಲಂಡನ್ನಿನ ಕೊಠಡಿಗಳ ಸ್ಥಿತಿಯು ಇದಕ್ಕೆ ವಿರುದ್ಧವಾದುದು. 1945ನೆಯ ಆಗಸ್ಟಿನಲ್ಲಿ ಯುದ್ಧವು ಮುಗಿದಾಗ ಅಲ್ಲಿನ ನಕ್ಷೆಯ ಮನೆಯ ದೀಪಗಳನ್ನು ಆರಿಸಿ, ಕಾಗದಗಳನ್ನೂ ಮೇಜುಗಳನ್ನೂ ಇದ್ದಂತೆಯೇ ಬಿಟ್ಟು ಹೊರಟರು. 1984ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಹಡಗುಗಳ ಗುಂಪುಗಳನ್ನು ಗುರುತಿಸಲು ಗೋಡೆಯ ನಕ್ಷೆಯ ಮೇಲೆ ಚುಚ್ಚಿದ ಗುಂಡುಸೂಜಿಗಳ ತೂತುಗಳು ಅಲ್ಲಿ ಈಗಲೂ ದಟ್ಟವಾಗಿ ಕಾಣುವುವು. ಆ ತೂತುಗಳು ಯಾರ ಸಮರ್ಥನೆಗೂ ಬರೆದವಲ್ಲ. ಆದುದರಿಂದಲೇ ಅವು ಶಾಸನಗಳಿಗೆ ಸಮಾನ. ಗೆದ್ದವರ ನೆಲಮನೆಯು ಹಾಗೆಯೇ ಉಳಿಯಿತು, ಸೋತವರದು ಸೂರೆಯಾಯಿತು. ಚರಿತ್ರೆಯಲ್ಲಿ ಇದು ಸಾಮಾನ್ಯವಾದ ಗತಿಯೆಂದು ಹಂಪೆಯನ್ನು ಕಂಡವರಿಗೆ ಹೇಳಬೇಕಾದುದಿಲ್ಲ.

ಆದರೂ ಕ್ಯಾನಿಂಗ್ ಗುಡ್ಡದಲ್ಲಿ ಅಸಲಾದುದು ಏನೂ ಇಲ್ಲವೆಂದರೆ ಅನ್ಯಾಯವಾದೀತು. ಗೋಡೆಗಳಿವೆ, ಅವುಗಳ ದಪ್ಪವಿದೆ. ಈ ಸ್ಥಳವನ್ನು ವಶಪಡಿಸಿಕೊಂಡು ಬಳಸಿದ ಜಪಾನೀಯರು ಗೋಡೆಯ ಮೇಲೆ ಬರೆದ ಅಕ್ಷರಗಳು ಉಳಿದಿವೆ. ಎಲ್ಲಕ್ಕಿಂತಲೂ ಮಿಗಿಲಾಗಿ, ಕೊಠಡಿಯ ಅಳತೆಯಿದೆ. ಪುಸ್ತಕದಲ್ಲಿ ‘ಸೇನಾಧಿಪತಿಗಳ ಮಹಾಸಭೆ’ ಎಂದು ಓದಿದವನ ಮನಸ್ಸಿನಲ್ಲಿ ವಿಶಾಲವಾದ ಒಂದು ಮಂಟಪವು ಮೂಡುವುದು. ಇಲ್ಲಿ ನೋಡಿದರೆ, ಹಳ್ಳಿಯ ಶಾಲೆಯ ಒಂದು ತರಗತಿಗಿಂತ ದೊಡ್ಡದಲ್ಲದ, ಕಿಟಕಿಯೇ ಇಲ್ಲದ ಕೋಣೆ. ಅಲ್ಲಿ ಹತ್ತು ಹನ್ನೆರಡು ಮಂದಿ ಬೆವರುತ್ತ, ನಿದ್ರೆಗೆಟ್ಟು, ಹೊರಗೆ ಏನು ನಡೆಯುತ್ತಿದೆಯೆಂಬುದನ್ನು ದೂರವಾಣಿಯಿಂದಲೇ ತಿಳಿಯುತ್ತ ಕುಳಿತಿದ್ದರು. ಜಪಾನೀ ಸೇನಾಪತಿ ಯಮಾಶಿತನ ಬಳಿ ದ್ವೀಪದ ಮೇಲಿದ್ದ ಕಾಲಾಳುಗಳು ಸುಮಾರು 30,000. ಅವನ ಗುಂಡುಮದ್ದು ತೀರುತ್ತ ಬಂದಿದ್ದಿತು. ಇದು ಈ ಕೊಠಡಿಯೊಳಗಿದ್ದ ಯಾರಿಗೂ ತಿಳಿದಿರಲಿಲ್ಲ. ತನ್ನ ಶರಣಾಗತಿಯ ಆಗ್ರಹವು ಒಂದು ಹುಸಿಬೆದರಿಕೆಯೇ ಆಗಿದ್ದಿತೆಂದು ಯಮಾಶಿತನು ಆಮೇಲೆ ಒಪ್ಪಿಕೊಂಡನು. ಕೊಠಡಿಯಲ್ಲಿ ನಿಂತವನಿಗೆ ಆ ಅಜ್ಞಾನವು ಆಶ್ಚರ್ಯವಾಗಿ ತೋರದು. ಕಿಟಕಿಯಿಲ್ಲದ ಗೋಡೆಗಳೇ ಅದಕ್ಕೆ ಭಾಷ್ಯ.

ಚರ್ಚಿಲನು ಫೆಬ್ರವರಿ 10ರ ತಂತಿಯಲ್ಲಿ, ಕೊನೆಯವರೆಗೂ ಕಾದಬೇಕೆಂದೂ ಸೇನಾಧಿಪತಿಗಳು ತಮ್ಮ ಸೈನಿಕರೊಡನೆಯೇ ಸಾಯತಕ್ಕದ್ದೆಂದೂ ನಿಷ್ಠುರವಾಗಿ ಆಜ್ಞಾಪಿಸಿದ್ದನು. ಮುಂದೆ ಹಿಂದೂಸ್ಥಾನದ ವೈಸರಾಯನಾದ ವೇವೆಲನು ಜಾವಾದಿಂದ ಕೊನೆಯ ತಂತಿಯನ್ನು ಕಳುಹಿಸಿ, ಇನ್ನು ಮುಂದೆ ಕಾದುವುದು ಸಾಧ್ಯವಿಲ್ಲವೆಂದು ಕಂಡರೆ ನಿಲ್ಲಿಸಬಹುದೆಂದು ಪರ್ಸಿವಲನಿಗೆ ಅನುಜ್ಞೆಯನ್ನಿತ್ತನು. ಸಂಜೆಯ ಹೊತ್ತಿಗೆ ಪರ್ಸಿವಲನು ಬುಕಿತ್ ತಿಮಾದ ಫೋರ್ಡ್ ಮೋಟಾರು ಕಾರ್ಖಾನೆಗೆ ಹೋಗಿ 6 ಗಂಟೆ 10 ನಿಮಿಷಕ್ಕೆ ಪತ್ರಕ್ಕೆ ರುಜುಹಾಕಿದನು. ರಾತ್ರಿ ಎಂಟೂವರೆಗೆ ಕಾಳಗವು ನಿಂತಿತು. ಈ ಗಂಟೆಗಳ ವಿಷಯದಲ್ಲಿ ಗ್ರಂಥಗಳು ಒಂದಕ್ಕೊಂದು ಹೊಂದದಿರುವುದನ್ನು ಕಂಡು ವಿದ್ಯಾರ್ಥಿಗಳು ಗಾಬರಿಪಡುವುದುಂಟು. ಜಪಾನೀ ಸೈನ್ಯವು ಟೋಕಿಯೋ ಕಾಲಮಾನವನ್ನು ಅನುಸರಿಸುತ್ತಿದ್ದಿತೆಂಬುದನ್ನೂ, ಅದು ಆಗಿನ ಸಿಂಗಪುರದ ಕಾಲಮಾನಕ್ಕಿಂತ ಒಂದೂವರೆ ಗಂಟೆ ಮುಂದಿದ್ದಿತೆಂಬುದನ್ನೂ ನೆನಪಿನಲ್ಲಿಟ್ಟರೆ ತೊಡಕು ಬಹುಮಟ್ಟಿಗೆ ಬಿಡುವುದು.

ಇಲ್ಲಿಗೆ ನೆಲಮಾಳಿಗೆಯ ಕಥೆಯು ಮುಗಿಯುವುದು. ಆದರೆ ಅಲ್ಲಿ ನಿಶ್ಚಯಿಸಿದವರ ಕಥೆ ಬೇರೆ, ಆ ನಿಶ್ಚಯವನ್ನು ಅನುಭವಿಸಿದವರ ಕಥೆ ಬೇರೆ. ಮೇಜಿನ ಸುತ್ತಲಿನ ಬೊಂಬೆಗಳನ್ನು ಎಣಿಸಿ ನೋಡಿದರೆ ಅವುಗಳಲ್ಲಿ ಒಂದೂ ಭಾರತೀಯನದಲ್ಲ. ಇದು ಬೊಂಬೆ ಮಾಡಿದವರ ದೋಷವಲ್ಲ. ಆ ದಿನದ ಸಭೆಯಲ್ಲಿಯೇ ಭಾರತೀಯನೊಬ್ಬನೂ ಇರಲಿಲ್ಲ. ಮೂರನೆಯ ಭಾರತೀಯ ಸೇನಾವಿಭಾಗದ ಪರವಾಗಿ ಮಾತನಾಡಿದವನು ಹೀತ್. ಅವನು 1941ರಲ್ಲಿ ಎರಿಟ್ರಿಯದ ಕೆರೆನ್ ಕದನದಲ್ಲಿ ಭಾರತೀಯ ಡಿವಿಜನ್ನೊಂದನ್ನು ನಡೆಸಿ ಹೆಸರು ಪಡೆದಿದ್ದ ಶೂರನೇ ಹೌದು. ಆದರೆ ಸಿಂಗಪುರದಲ್ಲಿ ಶರಣಾದ ಸುಮಾರು 85,000 ಮಂದಿಯಲ್ಲಿ ಅರ್ಧದಷ್ಟು, ಸಾಮಾನ್ಯವಾದ ಗಣನೆಯಂತೆ 45,000ದ ವರೆಗೆ, ಭಾರತೀಯರು. ಅವರ ಅಭಿಪ್ರಾಯವೇನೆಂದು ಕೇಳುವ ಪದ್ಧತಿಯು ಆ ಸಾಮ್ರಾಜ್ಯದಲ್ಲಿ ಇರಲಿಲ್ಲ. ಭೀಷ್ಮನ ನರದುರ್ಗವೆಂದರೆ ಅರಸನಲ್ಲಿ ಅನುರಕ್ತವಾದ ಜನವೆಂಬುದು ಆ ಪ್ರಕರಣದಿಂದ ತಿಳಿಯುವುದು. ಸಂಬಳಕ್ಕಾಗಿ ಪರದೇಶದಲ್ಲಿ ಪರರ ಪರವಾಗಿ ನಿಂತ ಜನವು ಎಷ್ಟು ಶೂರವಾಗಿದ್ದರೂ ಆ ಲಕ್ಷಣಕ್ಕೆ ಒಳಪಡಲಾರದು.

ಈ ಭಾರತೀಯರಲ್ಲಿ ಮೈಸೂರು ಸಂಸ್ಥಾನದ ಮೊದಲನೆಯ ಪದಾತಿದಳವೂ ಸೇರಿದ್ದಿತೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ದೇಶೀಯ ಸಂಸ್ಥಾನಗಳು ಸಾಮ್ರಾಜ್ಯದ ಸಹಾಯಕ್ಕಾಗಿ ಕಳುಹಿಸಿದ ಕೆಲವು ದಳಗಳು ಮಲಯದಲ್ಲಿಯೂ ಸಿಂಗಪುರದಲ್ಲಿಯೂ ಇದ್ದುವು. ಹೈದರಾಬಾದಿನ ದಳವು ಕೋಟ ಬಾರುವಿನ ವಿಮಾನನಿಲ್ದಾಣವನ್ನು ಕಾಯುತ್ತಿದ್ದು ಮೊದಲನೆಯ ಪೆಟ್ಟನ್ನೇ ತಿಂದಿತು. ಜಿಂದ್, ಕಪೂರ್ತಲ, ಬಹಾವಲಪುರಗಳ ದಳಗಳೂ ಇದ್ದುವು. ಮೈಸೂರಿನ ದಳವು ಸಿಂಗಪುರದ ಪತನದಲ್ಲಿ ಇತರರೊಡನೆ ಸೆರೆಯಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರಿನ ಅಶ್ವದಳವು 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ನಗರವನ್ನು ಹಿಡಿದ ಸಾಹಸವು ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ಸ್ಮೃತವಾಗುತ್ತಿದೆ. ಬೆಂಗಳೂರಿನಲ್ಲಿ ಅದಕ್ಕೆ ಸ್ಮಾರಕಸ್ತಂಭವೂ ಉಂಟು. ಅದು ಯುಕ್ತವೇ. ಆದರೆ ಕುದುರೆಯ ಮೇಲೆ ಈಟಿ ಹಿಡಿದು ಗೆದ್ದವರನ್ನು ಹೊಗಳುವ ನಾಲಿಗೆಯು, ಪರರ ತೀರ್ಮಾನದಿಂದ ಆಯುಧವನ್ನು ಕೆಳಗಿಟ್ಟು ಮೂರೂವರೆ ವರ್ಷ ಸೆರೆಯ ಪಾಲಾದವರ ವಿಷಯದಲ್ಲಿ ಮೌನವಾಗಿರುವುದಕ್ಕೆ ಕಾರಣವನ್ನು ಹುಡುಕಬೇಕಾಗಿದೆ. ಸೋಲು ಅವರದಲ್ಲ, ಸೋಲಿನ ಮರೆವು ಮಾತ್ರ ಅವರ ಪಾಲಿಗೆ ಬಂದಿದೆ.

ಪತನದ ಎರಡನೆಯ ದಿನ, ಎಂದರೆ ಫೆಬ್ರವರಿ 17ರಂದು, ಭಾರತೀಯ ಸೈನಿಕರನ್ನು ಅವರ ಇಂಗ್ಲಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಫ್ಯಾರರ್ ಪಾರ್ಕ್ ಎಂಬ ಬಯಲಿನಲ್ಲಿ ಸೇರಿಸಿದರು. ಇಂಗ್ಲಿಷರು ಚಾಂಗಿಯ ಸೆರೆಗೆ ನಡೆದರು. ಬಯಲಿನಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯು ಭಾರತೀಯ ಸೈನ್ಯವನ್ನು ಜಪಾನೀಯರ ಮೇಜರ್ ಫುಜಿವಾರನಿಗೆ ಮಾತಿನಿಂದ ಒಪ್ಪಿಸಿಕೊಟ್ಟನು. ಫುಜಿವಾರನ ತರುವಾಯ ಕ್ಯಾಪ್ಟನ್ ಮೋಹನಸಿಂಗನು ಎದ್ದು, ಭಾರತದ ಬಿಡುಗಡೆಗಾಗಿ ಹೋರಾಡುವ ಸೈನ್ಯವನ್ನು ಕಟ್ಟುವುದಾಗಿ ಸಾರಿದನು. ಗೋ ದಾನಕ್ಕಾದರೂ ದಾತೃವು ಒಂದು ಸಂಕಲ್ಪವನ್ನು ಮಾಡುವನು. ಅಲ್ಲಿ ನಾಲ್ವತ್ತು ಸಾವಿರ ಮನುಷ್ಯರು ಒಂದೆರಡು ವಾಕ್ಯಗಳಿಂದ ಕೈಬದಲಾದರು. ಗಣನೀಯವಾದ ಸಂಖ್ಯೆಯವರು ಹೊಸ ಸೈನ್ಯವನ್ನು ಸೇರಿದರು, ಇನ್ನು ಅನೇಕರು ಸೇರಲಿಲ್ಲ. ಸೇರದವರಲ್ಲಿ ಬಹಳ ಮಂದಿಯನ್ನು ಜಪಾನೀಯರು ನ್ಯೂಗಿನಿ ಮುಂತಾದ ದ್ವೀಪಗಳಿಗೆ ಕೂಲಿದಳಗಳಾಗಿ ಸಾಗಿಸಿದರು. ಅವರಲ್ಲಿ ಹಲವರು ಹಿಂತಿರುಗಲಿಲ್ಲ. ಸೇರಿದವರನ್ನು ಒಂದು ಪಕ್ಷದವರು ದ್ರೋಹಿಗಳೆಂದರು, ಸೇರದವರನ್ನು ಇನ್ನೊಂದು ಪಕ್ಷದವರು ದಾಸರೆಂದರು. ಎರಡು ಮಾತುಗಳೂ ಆ ಬಯಲಿನಲ್ಲಿ ಬಿಸಿಲಿಗೆ ನಿಂತವನ ಸಂಕಟವನ್ನು ತಿಳಿಯದವರ ಮಾತುಗಳು. ಅವನು ಉಪ್ಪಿನ ಋಣವೆಂದು ನಂಬಿದ್ದುದನ್ನು ಅವನ ಯಜಮಾನನೇ ಎರಡು ದಿನಗಳ ಹಿಂದೆ ನೆಲದ ಕೆಳಗೆ ತೀರಿಸಿಬಿಟ್ಟಿದ್ದನು.

ಮುಂದಿನ ಘಟನೆಗಳಿಗೂ ಈ ಗುಡ್ಡಕ್ಕೂ ಇರುವ ದೂರವು ಅಲ್ಪವೇ. 1943ನೆಯ ಜುಲೈ 4ರಂದು ರಾಸಬಿಹಾರಿ ಬೋಸರು ನಾಯಕತ್ವವನ್ನು ಸುಭಾಷಚಂದ್ರ ಬೋಸರಿಗೆ ವಹಿಸಿಕೊಟ್ಟದ್ದೂ, ಅಕ್ಟೋಬರ್ 21ರಂದು ಆಜಾದ್ ಹಿಂದ್ ಸರಕಾರದ ಘೋಷಣೆಯಾದದ್ದೂ ಕ್ಯಾಥೇ ಎಂಬ ಚಿತ್ರಮಂದಿರದ ಕಟ್ಟಡದಲ್ಲಿ. ಅದರ ಮುಂಭಾಗವು ಇಂದಿಗೂ ನಿಂತಿದ್ದು, ಗುಡ್ಡದಿಂದ ಸ್ವಲ್ಪ ಹೊತ್ತು ನಡೆದರೆ ಸಿಕ್ಕುವುದು. ಸಮುದ್ರತೀರದಲ್ಲಿ ಬೋಸರು 1945ನೆಯ ಜುಲೈ 8ರಂದು ಶಂಕುಸ್ಥಾಪನೆಮಾಡಿದ ಸೈನಿಕರ ಸ್ಮಾರಕವನ್ನು, ಇಂಗ್ಲಿಷರು ಸೆಪ್ಟೆಂಬರಿನಲ್ಲಿ ಹಿಂದಿರುಗಿ ಬಂದೊಡನೆ ಸ್ಫೋಟಕಗಳಿಂದ ಉರುಳಿಸಿದರು. ನದೀಮುಖದ ಶಾಸನಕ್ಕೆ ನೂರು ವರ್ಷಗಳ ಹಿಂದೆ ಆದ ಗತಿಯೇ ಇದಕ್ಕೂ ಆಯಿತು. 1995ರಲ್ಲಿ ಸಿಂಗಪುರದ ಸರಕಾರವು ಆ ಸ್ಥಳದಲ್ಲಿ ಒಂದು ಗುರುತಿನ ಫಲಕವನ್ನು ನಿಲ್ಲಿಸಿತು. ಸಿಂಗಪುರದ ಚೀನೀಯರಿಗೆ ಫೆಬ್ರವರಿ 18ರಿಂದ ಮೊದಲಾದ ಸಾಮೂಹಿಕ ವಧೆಯ ವೃತ್ತಾಂತವು ಪ್ರತ್ಯೇಕವಾದ ಲೇಖನವನ್ನೇ ಬೇಡುವುದು. ಹೊಸವರ್ಷದ ದಿನ ನೆಲಮಾಳಿಗೆಯಲ್ಲಿ ಕೈಗೊಂಡ ತೀರ್ಮಾನದ ಅತಿಘೋರವಾದ ಫಲವನ್ನು ಉಂಡವರು ಅವರೇ.

ಸಂಗ್ರಹಾಲಯದ ವ್ಯವಸ್ಥಾಪಕರನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಒಂದು ಕೊಠಡಿಯು ತನ್ನೊಳಗೆ ನಡೆದುದನ್ನು ಮಾತ್ರ ತೋರಿಸಬಲ್ಲುದು. ಅದರ ಹೊರಗೆ ನಿಂತಿದ್ದವರ ಚರಿತ್ರೆಯನ್ನು ಹೊರಗಡೆಯೇ ಹುಡುಕಬೇಕು. ಮೈಸೂರಿನ ದಳದ ಮಟ್ಟಿಗೆ ಹೇಳುವುದಾದರೆ, ಸಂಸ್ಥಾನದ ಸೇನಾ ಇಲಾಖೆಯ ಕಡತಗಳು, ಕುಟುಂಬದವರಿಗೆ ಕೊಟ್ಟ ವೇತನದ ಪುಸ್ತಕಗಳು, ಸೆರೆಯಿಂದ ಬಂದ ಕಾಗದಗಳು, ಹಿಂತಿರುಗಿದವರು ಮನೆಯವರಿಗೆ ಹೇಳಿದ ಮಾತುಗಳು ಇವೇ ಆಧಾರಗಳಾಗಬೇಕು. ಹಿಂತಿರುಗಿದವರು ಈಗ ಬದುಕಿರುವುದು ಅಸಂಭವ. ಅವರ ಮಕ್ಕಳೇ ವೃದ್ಧರಾಗಿದ್ದಾರೆ. ತಾಮ್ರಪಟಗಳಿಗಾಗಿ ಊರೂರು ಅಲೆದ ನಮ್ಮ ಶಾಸನಶೋಧಕರ ಸಾಹಸದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಇದಕ್ಕೆ ವಿನಿಯೋಗಿಸಿದರೂ ಎಷ್ಟೋ ದೊರೆಯಬಹುದು. ಮಂಡ್ಯ, ಹಾಸನ, ಬೆಂಗಳೂರು ಮುಂತಾದ ಜಿಲ್ಲೆಗಳ ಉಪಾಧ್ಯಾಯರು ತಮ್ಮ ತಮ್ಮ ಊರುಗಳಲ್ಲಿ ಮೊದಲು ವಿಚಾರಿಸಿ ನೋಡಬಹುದಾಗಿದೆ.

ದಳವು ಸ್ವಾತಂತ್ರ್ಯಾನಂತರದಲ್ಲಿ ಮದ್ರಾಸ್ ರೆಜಿಮೆಂಟಿನಲ್ಲಿ ವಿಲೀನವಾಯಿತು. ಪರ್ಸಿವಲನು ಸೆರೆಯಿಂದ ಬಿಡುಗಡೆಹೊಂದಿ, 1945ನೆಯ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯ ನೌಕೆಯ ಮೇಲೆ ಜಪಾನು ಶರಣಾದಾಗ ಸಾಕ್ಷಿಯಾಗಿ ನಿಂತಿದ್ದನು. ಅದೇ ತಿಂಗಳ 12ರಂದು ಸಿಂಗಪುರದ ಪುರಭವನದಲ್ಲಿ ಮೌಂಟ್‌ಬ್ಯಾಟನ್ನನು ಜಪಾನೀ ಸೇನೆಯ ಶರಣಾಗತಿಯನ್ನು ಸ್ವೀಕರಿಸಿದನು. ಆ ಸಮಾರಂಭವು ನೆಲದ ಮೇಲೆ, ಬೆಳಕಿನಲ್ಲಿ, ನೆರೆದ ಜನದ ಎದುರಿಗೆ ನಡೆಯಿತು. ಕ್ಯಾನಿಂಗ್ ಗುಡ್ಡದ ಕೊಠಡಿಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಕುಳಿತ ಬೊಂಬೆಗಳು ಇನ್ನೂ ಎದ್ದಿಲ್ಲ.